ರಿಪೋರ್ಟ್ ಎಲ್ಲ ನಾರ್ಮಲ್, ಆದರೂ ಚೆನ್ನಾಗಿದ್ದೇನೆ ಅನ್ನಿಸುತ್ತಿಲ್ಲ. ಯಾಕೆ?

ರಾತ್ರಿಗೂಬೆ:
ಎಲ್ಲರಿಗೂ ನಮಸ್ಕಾರ. ಈಚೆಗೆ ಫುಲ್ ಬಾಡಿ ಚೆಕಪ್ ಮಾಡಿಸಿದೆ. ಶುಗರ್, ಬಿಪಿ, ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಎಲ್ಲವೂ ಸರಿಯಿದೆ. ದಿನಾ ವಾಕಿಂಗ್ ಮಾಡುತ್ತೇನೆ, ಊಟ ಹಿಡಿತದಲ್ಲಿದೆ, ತೂಕವೂ ಜಾಸ್ತಿ ಇಲ್ಲ. ಆದರೆ ಬೆಳಗ್ಗೆ ಏಳುವಾಗಲೇ ಸುಸ್ತು. ಯಾರಾದರೂ ಫೋನ್ ಮಾಡಿದರೆ ಎತ್ತುವುದಕ್ಕೂ ಬೇಜಾರು. ಮೊದಲೆಲ್ಲ ಚೆಸ್ ಅಂದರೆ ಊಟ ಬಿಟ್ಟು ಕೂರುತ್ತಿದ್ದವನು ಈಗ ಬೋರ್ಡ್ ಮುಟ್ಟಿಲ್ಲ. ಮನೆಯಲ್ಲಿ ಹೇಳಿದರೆ "ಕಾಯಿಲೆ ಇಲ್ಲವಲ್ಲ, ಇನ್ನೇನು ಬೇಕು ನಿನಗೆ" ಅನ್ನುತ್ತಾರೆ. ನೆಟ್‌ನಲ್ಲಿ ವೆಲ್‌ನೆಸ್ ಅಂತ ಹುಡುಕಿದರೆ ಬರೀ ಪುಡಿ, ಜ್ಯೂಸ್, ಡಿಟಾಕ್ಸ್, ಆ್ಯಪ್. ದೇಹ ಒಂದನ್ನು ಬಿಟ್ಟು ಉಳಿದದ್ದನ್ನು ನೋಡಿಕೊಳ್ಳುವುದು ಹೇಗೆ? ಎಲ್ಲಿಂದ ಶುರು ಮಾಡಲಿ?

ಮೂಲೆಮನೆ:
ನಿಮ್ಮ ಮನೆಯವರ ಮಾತಿಗೆ ಉತ್ತರ ತುಂಬಾ ಹಿಂದೆಯೇ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ 1946ರಲ್ಲಿ ತಯಾರಾಗಿ 1948ರಲ್ಲಿ ಜಾರಿಗೆ ಬಂತು. ರೋಗ ಇಲ್ಲದಿದ್ದರೆ ಅಷ್ಟಕ್ಕೇ ಆರೋಗ್ಯ ಅಲ್ಲ, ದೇಹ, ಮನಸ್ಸು, ನಾಲ್ಕು ಜನರ ಜೊತೆಗಿನ ಬದುಕು ಮೂರೂ ಚೆನ್ನಾಗಿರಬೇಕು ಅಂತ ಅದರಲ್ಲೇ ಇದೆ. ಆಮೇಲೆ 1976ರಲ್ಲಿ ಅಮೆರಿಕದ ಬಿಲ್ ಹೆಟ್ಲರ್ ಅನ್ನುವ ಡಾಕ್ಟರ್ ಇದನ್ನು ಆರು ಭಾಗ ಮಾಡಿದರು: ದೇಹ, ಭಾವನೆ, ಜನ, ಬುದ್ಧಿ, ಕೆಲಸ, ಅಧ್ಯಾತ್ಮ. ಹಣಕಾಸು, ಸುತ್ತಲಿನ ಪರಿಸರ ಎರಡನ್ನೂ ಸೇರಿಸಿ ಎಂಟು ಅಂತ ಹೇಳುವವರೂ ಇದ್ದಾರೆ. ಎಷ್ಟು ಭಾಗ ಅನ್ನುವುದು ದೊಡ್ಡ ವಿಷಯ ಅಲ್ಲ ಬಿಡಿ. ನೀವು ಬರೆದಿದ್ದರಲ್ಲಿ ದೇಹದ ಬಗ್ಗೆ ಉದ್ದ ಪಟ್ಟಿ ಇದೆ, ಜನರ ಬಗ್ಗೆ ಫೋನ್ ಎತ್ತಲ್ಲ ಅನ್ನುವುದಷ್ಟೇ ಇದೆ, ಕೆಲಸದ ಬಗ್ಗೆ ಒಂದಕ್ಷರವೂ ಇಲ್ಲ. ನಾನಾಗಿದ್ದರೆ ಅಲ್ಲಿಂದ ಹುಡುಕುತ್ತಿದ್ದೆ.

ಒಗ್ಗರಣೆ:
ವಾರ ರಜೆ ಹಾಕಿ ಎಲ್ಲಾದರೂ ತಿರುಗಾಡಿ ಬನ್ನಿ ಗುರು, ಸರಿ ಹೋಗುತ್ತೆ. ಸುಮ್ನೆ ಜಾಸ್ತಿ ಯೋಚನೆ ಮಾಡ್ತಿದ್ದೀರಿ.

ನಿಧಾನಸ್ಥೆ:
ಒಂದು ನಿಮಿಷ. ರಜೆ, ಆರು ಭಾಗ ಎಲ್ಲಕ್ಕಿಂತ ಮೊದಲು ಬೇರೆ ಎರಡು ವಿಷಯ ನೋಡಬೇಕು. ನಾನು ಕೌನ್ಸೆಲಿಂಗ್ ಕ್ಷೇತ್ರದಲ್ಲಿ ಇದ್ದೇನೆ, ಆದರೆ ಇಲ್ಲಿ ಕೂತು ಇದೇ ಕಾಯಿಲೆ ಅಂತ ಯಾರೂ ಹೇಳಲಾಗದು. ಮೊದಲು ಇಷ್ಟವಾಗಿದ್ದರಲ್ಲಿ ಆಸಕ್ತಿ ಹೋಗುವುದು, ಇಲ್ಲವೇ ಮನಸ್ಸು ಕುಗ್ಗಿರುವುದು, ಎರಡು ವಾರವಾದರೂ ಬಿಡದೆ ಹೆಚ್ಚುಕಮ್ಮಿ ದಿನಾ ಇದ್ದರೆ ಖಿನ್ನತೆ ಇದೆಯಾ ಅಂತ ಡಾಕ್ಟರ್ ಹತ್ತಿರ ಕೇಳಬೇಕು. ಪಿಎಚ್‌ಕ್ಯೂ-9 ಅನ್ನುವ ಪ್ರಶ್ನೆಪಟ್ಟಿ ಇದೆ, ಒಂಬತ್ತೇ ಪ್ರಶ್ನೆ, ಮೊದಲ ಎರಡು ಇವೇ. ಬ್ಲಡ್ ಟೆಸ್ಟ್‌ನಲ್ಲಿ ಇದು ಕಾಣಿಸುವುದಿಲ್ಲ. ಹಾಗೇ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವುದು, ಅದೂ ಈ ಪ್ಯಾಕೇಜ್ ಚೆಕಪ್‌ಗೆ ಸಿಗುವುದಿಲ್ಲ. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತೀರಾ ಅಂತ ಮನೆಯವರನ್ನೇ ಕೇಳಿ. ಬದುಕುವುದೇ ಬೇಡ ಅನ್ನುವಂಥ ಯೋಚನೆ ಬರುತ್ತಿದ್ದರೆ ಮಾತ್ರ ಇಲ್ಲಿ ಉತ್ತರಕ್ಕೆ ಕಾಯಬೇಡಿ, ಇವತ್ತೇ ಡಾಕ್ಟರ್ ಹತ್ತಿರ ಹೋಗಿ.

ರಾತ್ರಿಗೂಬೆ:
ಇಲ್ಲ ಮೇಡಂ, ಅಂಥ ಯೋಚನೆ ಇಲ್ಲ. ಗೊರಕೆಯೂ ಇಲ್ಲವಂತೆ, ಈಗಷ್ಟೇ ಕೇಳಿದೆ (ನಗು ಬಂತು ಅವರಿಗೆ). ಪ್ರಶ್ನೆಪಟ್ಟಿಯನ್ನು ಡಾಕ್ಟರ್ ಹತ್ತಿರವೇ ಕೇಳಿ ತುಂಬುತ್ತೇನೆ. ಮೂಲೆಮನೆಯವರು ಹೇಳಿದ ಕೆಲಸದ ವಿಷಯ ಸರಿ. ಟೀಮ್ ಬದಲಾದ ಮೇಲೆ ಶುರುವಾಗಿದ್ದು ಇದು. ಕೆಲಸ ಹೆಚ್ಚೇನಿಲ್ಲ, ಆದರೆ ಯಾವುದನ್ನು ಯಾವಾಗ ಮಾಡಬೇಕು ಅಂತ ನಾನು ತೀರ್ಮಾನ ಮಾಡುವ ಹಾಗೇ ಇಲ್ಲ. ಎಲ್ಲದಕ್ಕೂ ಮೇಲಿನವರ ಒಪ್ಪಿಗೆ ಬೇಕು, ರಾತ್ರಿ ಹತ್ತಕ್ಕೂ ಮೆಸೇಜ್ ಬರುತ್ತೆ. ಇಷ್ಟಕ್ಕೇ ಮನುಷ್ಯ ಹೀಗಾಗುತ್ತಾನಾ?

ಹಳೇಗಡಿಯಾರ:
ಆಗುತ್ತಾನೆ. ಇದನ್ನು ಲೆಕ್ಕ ಹಾಕಿ ತೋರಿಸಿದವರೇ ಇದ್ದಾರೆ. ಬ್ರಿಟನ್‌ನಲ್ಲಿ 1967ರಿಂದ ಸರ್ಕಾರಿ ನೌಕರರನ್ನು ಹಿಡಿದು ವೈಟ್‌ಹಾಲ್ ಅಧ್ಯಯನ ನಡೆಯಿತು. ಮೇಲಿನ ಹುದ್ದೆಯವರಿಗೆ ಟೆನ್ಷನ್ ಜಾಸ್ತಿ, ಹಾರ್ಟ್ ಅಟ್ಯಾಕ್ ಅವರಿಗೇ ಅಂತ ಜನ ಅಂದುಕೊಂಡಿದ್ದರು, ಅಲ್ವಾ? ಉಲ್ಟಾ ಬಂತು. ಹುದ್ದೆ ಕೆಳಗಿಳಿದ ಹಾಗೆ ಹೃದಯದ ಕಾಯಿಲೆಯಿಂದ ಸಾಯುವವರು ಹೆಚ್ಚಾಗುತ್ತಾ ಹೋದರು. ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಲೆಕ್ಕ ಕಳೆದರೂ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. 1985ರಲ್ಲಿ ಶುರುವಾದ ಎರಡನೇ ಅಧ್ಯಯನದಲ್ಲಿ ಕಾಣಿಸಿದ ಕಾರಣಗಳಲ್ಲಿ ಒಂದು ನಿಮ್ಮದೇ: ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದಿರುವುದು. ಅಂದರೆ ದೇಹ ಬೇರೆ, ಉಳಿದದ್ದು ಬೇರೆ ಅಂತ ಎರಡು ಖಾತೆ ತೆರೆಯುವುದೇ ಸರಿಯಲ್ಲ.

ಇನ್ನೊಂದು ವಿಷಯ, ಇದು ನನಗೆ ಸಿಟ್ಟು ಬರಿಸುವಂಥದ್ದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್, ಅಂದರೆ ಕೆಲಸದಿಂದ ಪೂರ್ತಿ ಬಸವಳಿದು ಹೋಗುವುದು, ಅದರ ಬಗ್ಗೆ ಹೇಳಿತು. ಅದನ್ನು ಕಾಯಿಲೆ ಅನ್ನಲಿಲ್ಲ, ಸರಿಯಾಗಿ ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಅಂದಿತು. ಆದರೆ ಕಂಪನಿಗಳು ಮಾಡುವುದೇನು? ಮೆಡಿಟೇಶನ್ ಆ್ಯಪ್ ಕೊಟ್ಟು ರಾತ್ರಿ ಮೆಸೇಜ್ ಹಾಗೇ ಮುಂದುವರಿಸುವುದು. ಚಪ್ಪಲಿಯಲ್ಲಿ ಮುಳ್ಳು ಇಟ್ಟುಕೊಂಡು ಕಾಲಿಗೆ ಮುಲಾಮು ಹಚ್ಚಿದ ಹಾಗೆ. ಒಗ್ಗರಣೆಯವರೇ, ರಜೆ ಒಳ್ಳೆಯದೇ, ಆದರೆ ವಾಪಸ್ ಬಂದು ಕೂರುವುದು ಅದೇ ಕುರ್ಚಿಯಲ್ಲಿ.

ಒಗ್ಗರಣೆ:
ಸರಿ ಸರಿ, ಒಪ್ಪಿದೆ. ಆದರೆ ಎಲ್ಲರಿಗೂ ಕೆಲಸ ಬಿಡೋಕೆ ಆಗಲ್ಲ. ಮನೆ ಸಾಲ ಇದ್ದವನು ಏನು ಮಾಡಬೇಕು?

ನಿಧಾನಸ್ಥೆ:
ಬಿಡಿ ಅಂತ ಯಾರೂ ಹೇಳುತ್ತಿಲ್ಲ. ಸಾಲ ಇದ್ದವರಿಗೆ ಹಣದ ಚಿಂತೆಯೂ ಆರೋಗ್ಯದ ಒಳಗೇ ಬರುತ್ತದೆ. ರಾತ್ರಿಗೂಬೆಯವರೇ, ಆರೂ ಭಾಗ ಒಟ್ಟಿಗೆ ರಿಪೇರಿಗೆ ಹಾಕಬೇಡಿ, ಅದೇ ಇನ್ನೊಂದು ಟಾರ್ಗೆಟ್ ಆಗಿ ಕೂರುತ್ತದೆ. ಮೇಲಿನವರ ಹತ್ತಿರ ಹೋಗುವಾಗ "ಒತ್ತಡ ಆಗುತ್ತಿದೆ" ಅಂತ ಹೇಳಿದರೆ ಯೋಗ ಮಾಡಿ ಅನ್ನುತ್ತಾರೆ. ಅದರ ಬದಲು ಇಂಥಿಂಥ ಸಣ್ಣ ತೀರ್ಮಾನ ನಾನೇ ಮಾಡುತ್ತೇನೆ, ರಾತ್ರಿಯ ಮೆಸೇಜ್‌ಗೆ ಬೆಳಗ್ಗೆ ಉತ್ತರಿಸುತ್ತೇನೆ ಅಂತ ನೇರವಾಗಿ ಕೇಳಿ. ಟೀಮಿನಲ್ಲಿ ಉಳಿದವರಿಗೂ ಹೀಗೇ ಇದ್ದರೆ ಸೇರಿ ಹೋಗಿ, ಒಬ್ಬರ ದೂರು ಅಂತ ತಳ್ಳಿಹಾಕುವುದು ಆಗ ಕಷ್ಟ. ಮತ್ತೆ ಚೆಸ್ ಗೆಳೆಯರಲ್ಲಿ ಒಬ್ಬರಿಗೆ ಫೋನ್ ಮಾಡಿ. ಆಡುವ ಮನಸ್ಸಿಲ್ಲದಿದ್ದರೆ ಆಡಬೇಡಿ, ಅವರು ಆಡುವುದನ್ನು ಪಕ್ಕದಲ್ಲಿ ಕೂತು ನೋಡಿ.

ರಾತ್ರಿಗೂಬೆ:
ಟೀಮಿನಲ್ಲಿ ಇನ್ನಿಬ್ಬರು ಇದನ್ನೇ ಗೊಣಗುತ್ತಿರುತ್ತಾರೆ, ಮೂವರೂ ಸೇರಿ ಕೇಳಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ನಾಳೆ ಅವರ ಹತ್ತಿರ ಮಾತಾಡುತ್ತೇನೆ. ಮೇಲಿನವರು ಏನಂದರು ಅಂತ ಇಲ್ಲೇ ಬರೆಯುತ್ತೇನೆ.