ದೂರಸಂಪರ್ಕ ಷೇರುಗಳು: ಹತ್ತು ರೂಪಾಯಿ ಆಸುಪಾಸಿನ ಬೆಲೆಯನ್ನು ಅಗ್ಗವೆನ್ನಬಹುದೇ?

ಪ್ರಶ್ನೆ (ಹಾಸನದಿಂದ):
ಮಾನ್ಯರೇ, ಮೊಬೈಲ್ ಸೇವೆಯ ಖಾಸಗಿ ವಲಯದಲ್ಲಿ ಈಗ ದೇಶಾದ್ಯಂತ ಉಳಿದಿರುವುದು ಮೂರೇ ಕಂಪನಿಗಳು. 2019ರ ಡಿಸೆಂಬರ್, 2021ರ ನವೆಂಬರ್ ಮತ್ತು 2024ರ ಜುಲೈ ವೇಳೆಗೆ ಮೂರೂ ಹೆಚ್ಚುಕಡಿಮೆ ಒಟ್ಟಿಗೇ ದರ ಏರಿಸಿದ್ದನ್ನು ನೋಡಿದರೆ, ಬೆಲೆಸಮರದ ಕಾಲ ಮುಗಿದಂತೆ ಕಾಣುತ್ತದೆ. ಏರ್‌ಟೆಲ್‌ನ ಒಂದು ಷೇರಿನ ಹಣಕ್ಕೆ ವೊಡಾಫೋನ್ ಐಡಿಯಾದ ನೂರಕ್ಕೂ ಹೆಚ್ಚು ಷೇರುಗಳು ಸಿಗುತ್ತವೆ. ನಿವೃತ್ತಿಯ ಹಣದಲ್ಲಿ ಒಂದು ಭಾಗವನ್ನು ಇದರಲ್ಲಿ ತೊಡಗಿಸಬಹುದೇ?

ಉತ್ತರ 1 (ಬೆಂಗಳೂರಿನಿಂದ):
ಸರ್, ಷೇರಿನ ಬೆಲೆಗಿಂತ ಮೊದಲು ಷೇರುಗಳ ಸಂಖ್ಯೆಯನ್ನು ನೋಡಿ. ಕೇಂದ್ರ ಸರ್ಕಾರ ವೊಡಾಫೋನ್ ಐಡಿಯಾದಿಂದ ತನಗೆ ಬರಬೇಕಾದ ಬಾಕಿಯಲ್ಲಿ 2023ರಲ್ಲಿ 16,133 ಕೋಟಿ ರೂಪಾಯಿಯನ್ನೂ 2025ರಲ್ಲಿ 36,950 ಕೋಟಿ ರೂಪಾಯಿಯನ್ನೂ ತಲಾ ಹತ್ತು ರೂಪಾಯಿಯ ಷೇರುಗಳಾಗಿ ಪರಿವರ್ತಿಸಿಕೊಂಡಿತು. ಇವೆರಡರ ನಡುವೆ, 2024ರ ಏಪ್ರಿಲ್‌ನಲ್ಲಿ ಕಂಪನಿ 11 ರೂಪಾಯಿಯಂತೆ ಹೊಸ ಷೇರು ಮಾರಿ 18,000 ಕೋಟಿ ಎತ್ತಿತು. 2023ರ ಆರಂಭದಲ್ಲಿದ್ದ ಷೇರುಗಳ ಸಂಖ್ಯೆ ಈಗ ಮೂರು ಪಟ್ಟನ್ನೂ ದಾಟಿದೆ. ಅಂದು ಸಾವಿರ ಷೇರು ಹೊಂದಿದ್ದವರ ಡಿಮ್ಯಾಟ್ ಖಾತೆಯಲ್ಲಿ ಇಂದಿಗೂ ಸಾವಿರವೇ ಇದ್ದರೂ, ಕಂಪನಿಯಲ್ಲಿ ಅವರ ಪಾಲು ಅಂದಿದ್ದುದರ ಮೂರನೇ ಒಂದಕ್ಕಿಂತ ಕೆಳಗಿಳಿದಿದೆ. ಕಂಪನಿ ಉಳಿದುಕೊಳ್ಳುವುದು ಬೇರೆ, ಹಳೆಯ ಷೇರುದಾರನ ಹಣ ಉಳಿಯುವುದು ಬೇರೆ. ಇದನ್ನು ನಾನು ಒತ್ತಿ ಹೇಳಬಯಸುತ್ತೇನೆ.

ಉತ್ತರ 2 (ಮಂಗಳೂರಿನಿಂದ):
ಮೇಲಿನ ಮಾತು ಸರಿಯಾಗಿದೆ. ಆದರೆ ಈ ವಲಯದಲ್ಲಿ ಲಾಭಕ್ಕೂ ಬಲವಾದ ಕಾರಣವಿದೆ: ಗೋಪುರ, ಫೈಬರ್ ಮತ್ತು ತರಂಗಾಂತರಕ್ಕೆ ಒಮ್ಮೆ ಹಣ ಸುರಿದ ಮೇಲೆ, ದರ ಏರಿಕೆಯಿಂದ ಬರುವ ಹೆಚ್ಚುವರಿ ಆದಾಯದ ಬಹುಪಾಲು ಲಾಭಕ್ಕೇ ಸೇರುತ್ತದೆ. ಏರ್‌ಟೆಲ್ 2021ರಲ್ಲಿ 535 ರೂಪಾಯಿಯಂತೆ ಹಕ್ಕಿನ ಷೇರು (ಈಗಾಗಲೇ ಷೇರುದಾರರಾಗಿರುವವರಿಗೆ ಮೊದಲು ಕೊಡುವ ಹೊಸ ಷೇರು) ನೀಡಿತ್ತು. 2025ರಲ್ಲಿ ಮಾರುಕಟ್ಟೆ ಬೆಲೆ ಅದರ ಮೂರು ಪಟ್ಟನ್ನು ದಾಟಿತು. ಹಾಗೆಂದು ಆ ಏರಿಕೆ ಮರುಕಳಿಸುತ್ತದೆ ಎಂದು ನಂಬಿ ಇಂದಿನ ಬೆಲೆಗೆ ಕೊಳ್ಳಬಾರದು.

ನ್ಯಾಯಾಲಯದ ತೀರ್ಪಿನ ಅಪಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2019ರ ಅಕ್ಟೋಬರ್ 24ರಂದು ಎಜಿಆರ್ (ಸರ್ಕಾರಕ್ಕೆ ಕಟ್ಟಬೇಕಾದ ಶುಲ್ಕವನ್ನು ಲೆಕ್ಕಹಾಕಲು ಬಳಸುವ ಆದಾಯ) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ವ್ಯಾಖ್ಯಾನವನ್ನು ಎತ್ತಿಹಿಡಿದ ಪರಿಣಾಮವಾಗಿ, ವೊಡಾಫೋನ್ ಐಡಿಯಾ ಒಂದೇ ತ್ರೈಮಾಸಿಕದಲ್ಲಿ ಐವತ್ತು ಸಾವಿರ ಕೋಟಿಗೂ ಮೀರಿದ ನಷ್ಟ ತೋರಿಸಬೇಕಾಯಿತು. ಗ್ರಾಹಕರ ಸಂಖ್ಯೆಯನ್ನು ಎಷ್ಟೇ ಅಳೆದು ತೂಗಿದ್ದರೂ ಇದು ಮುಂಚಿತವಾಗಿ ಕಾಣುತ್ತಿರಲಿಲ್ಲ.

ಪ್ರಶ್ನೆ ಕೇಳಿದವರಿಂದ:
ಹಾಗಾದರೆ ಗೋಪುರಗಳನ್ನು ಬಾಡಿಗೆಗೆ ಕೊಡುವ ಇಂಡಸ್ ಟವರ್ಸ್ ಹೆಚ್ಚು ಸುರಕ್ಷಿತವಲ್ಲವೇ?

ಉತ್ತರ 1:
ಅದೂ ಪೂರ್ತಿ ಸುರಕ್ಷಿತವಲ್ಲ. ಬಾಡಿಗೆದಾರರು ಕೆಲವೇ ಮಂದಿಯಾದ್ದರಿಂದ, ಅವರಲ್ಲೊಂದಾದ ವೊಡಾಫೋನ್ ಐಡಿಯಾದ ಬಾಕಿ ಬೆಳೆದಾಗ 2022ರ ಡಿಸೆಂಬರ್ ತ್ರೈಮಾಸಿಕದಲ್ಲಿ ಆ ಕಂಪನಿಯೂ ನಷ್ಟಕ್ಕಿಳಿದಿತ್ತು. ಎರಡನ್ನೂ ಕೊಂಡರೆ ಅಪಾಯ ಹಂಚಿಹೋಗುವುದಿಲ್ಲ, ಒಂದೇ ಅಪಾಯವನ್ನು ಎರಡು ಹೆಸರಿನಲ್ಲಿ ಕೊಂಡಂತಾಗುತ್ತದೆ. ನಿವೃತ್ತಿಯ ಹಣವಾದ್ದರಿಂದ ಮುಂದಿನ ಐದಾರು ವರ್ಷದ ಮನೆಖರ್ಚನ್ನು ಮೊದಲು ಠೇವಣಿಯಲ್ಲಿಡಿ. ಮಿಕ್ಕಿದ್ದರಲ್ಲೂ ಈ ವಲಯಕ್ಕೆ ಸಣ್ಣ ಪಾಲನ್ನಷ್ಟೇ, ಅದನ್ನೂ ವಾರ್ಷಿಕ ವರದಿಯಲ್ಲಿ ಸಾಲ ಮತ್ತು ತರಂಗಾಂತರದ ಕಂತುಗಳ ಪುಟವನ್ನು ಓದಿದ ನಂತರವೇ ಕೊಡಿ.