ಸಹಾಯ ಬೇಕು: ಮೈಸೂರಿನ ಪಂಕ್ ತಂಡದ ಮೊದಲ ಧ್ವನಿಮುದ್ರಣಕ್ಕೆ ಮಿಕ್ಸಿಂಗ್ ಬಲ್ಲವರು

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ. ಮೈಸೂರಿನ ನಮ್ಮ ಪಂಕ್ (ಬಿರುಸಿನ, ಒರಟು ರಾಕ್ ಸಂಗೀತ) ತಂಡವು ತನ್ನ ಮೊದಲ ಆರು ಕನ್ನಡ ಹಾಡುಗಳನ್ನು ಯಾವ ಸ್ಟುಡಿಯೊದ ನೆರವೂ ಇಲ್ಲದೆ, ಹೆಬ್ಬಾಳ ಕೈಗಾರಿಕಾ ಪ್ರದೇಶದ ಶೆಡ್ಡೊಂದರಲ್ಲಿ, ಯಂತ್ರಗಳು ನಿಂತಿರುವ ಭಾನುವಾರಗಳಂದು ತಾನೇ ಧ್ವನಿಮುದ್ರಿಸಿಕೊಂಡಿದೆ. ಗಿಟಾರ್, ಬೇಸ್ ಮತ್ತು ಗಾಯನ ನಾವು ಬಯಸಿದಂತೆಯೇ ಬಂದಿವೆ, ತೊಡಕಿರುವುದು ಡ್ರಮ್ಮಿನಲ್ಲಿ.

ತಗಡಿನ ಛಾವಣಿಯ ಪ್ರತಿಧ್ವನಿಯನ್ನು ತಗ್ಗಿಸಲು ಸುತ್ತಲೂ ಹಳೆಯ ಜಮಖಾನೆಗಳನ್ನು ಇಳಿಬಿಟ್ಟಿದ್ದೆವು, ಅದು ಫಲ ಕೊಟ್ಟಿತು. ಆದರೆ ಶಬ್ದವು ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಮಾತ್ರ ಸಾಗುವುದರಿಂದ, ಡ್ರಮ್ಮಿನ ಮೇಲಿನ ಎರಡು ಮೈಕುಗಳಲ್ಲಿ ಒಂದು, ಸ್ನೇರ್ ಎಂಬ ಚುರುಕು ಪೆಟ್ಟಿನ ಡ್ರಮ್ಮಿನಿಂದ ಒಂದಡಿಯಷ್ಟು ಹೆಚ್ಚು ದೂರವಿದ್ದ ಕಾರಣ, ಎರಡನ್ನೂ ಕೂಡಿಸಿದಾಗ ಅಲೆಗಳು ಒಂದನ್ನೊಂದು ಕಡಿದು ಪೆಟ್ಟು ಸಪ್ಪೆಯಾಗಿ ಕೇಳಿಸುತ್ತಿದೆ. ಈ ಸಂಗೀತದಲ್ಲಿ ಸದ್ದು ಒರಟಾಗಿದ್ದರೆ ಅಡ್ಡಿಯಿಲ್ಲ; ಸ್ನೇರ್ ಸೊರಗಿದರೆ ಹಾಡೇ ಕುಸಿಯುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಆದ್ದರಿಂದ ಫೇಸ್ (ಮೈಕುಗಳ ಅಲೆಗಳ ಏರಿಳಿತದ ಹೊಂದಿಕೆ) ಸರಿಹೊಂದಿಸಿ, ಎಲ್ಲ ಧ್ವನಿಗಳನ್ನೂ ಹದವಾಗಿ ಬೆರೆಸಿ ಮಿಕ್ಸ್ ಮಾಡಬಲ್ಲ ಅನುಭವಿಗಳು ದಯವಿಟ್ಟು ನಮ್ಮೊಂದಿಗೆ ಕುಳಿತು ನೆರವಾಗಬೇಕೆಂದು ಕೋರುತ್ತೇನೆ. ಕಡತಗಳು 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ, ಪ್ರತಿ ಮೈಕಿಗೂ ಬೇರೆ ಬೇರೆಯಾಗಿವೆ. ಹಾಡಿನ ಬಿರುಸನ್ನು ನಯಗೊಳಿಸುವುದು ಮಾತ್ರ ಬೇಡ. ಸಂಭಾವನೆಯನ್ನು ಮೊದಲೇ ಮಾತಾಡಿಕೊಳ್ಳೋಣ.

ಇದನ್ನು ಕ್ಯಾಸೆಟ್ಟಾಗಿಯೂ ಹೊರತರಬೇಕೆಂಬ ಆಸೆ ನಮ್ಮೆಲ್ಲರದು. ಸುಸ್ಥಿತಿಯಲ್ಲಿರುವ ಜೋಡಿ ಡೆಕ್ (ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ನಕಲು ಮಾಡುವ ಯಂತ್ರ) ಅಥವಾ 60 ನಿಮಿಷದ ಖಾಲಿ ಕ್ಯಾಸೆಟ್ಟುಗಳು ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ ಸುತ್ತ ಯಾರ ಮನೆಯ ಅಟ್ಟದಲ್ಲಿದ್ದರೂ ತಿಳಿಸಿ, ನಾವೇ ಬಂದು ಒಯ್ಯುತ್ತೇವೆ.