ಲಿಥಿಯಂ ಮಾತ್ರೆ, ನೈಟ್ ಡ್ಯೂಟಿ: ಯಾರಿಗೆ, ಎಷ್ಟು ಹೇಳಲಿ?

ಮೂಡಿಗೆರೆ ಹುಡುಗಿ:
ಎಂಬಿಬಿಎಸ್ ಫೈನಲ್ ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದೇನೆ. ಮುಂದಿನ ತಿಂಗಳು ಇಂಟರ್ನ್‌ಶಿಪ್, ಅಂದರೆ ಹೌಸ್ ಸರ್ಜನ್ ಕೆಲಸ ಶುರು. ಸೆಕೆಂಡ್ ಇಯರ್‌ನಲ್ಲಿ ಒಂದು ವಾರ ನಿದ್ದೆಯೇ ಮಾಡದೆ ಓದಿದೆ. ಸುಸ್ತೇ ಆಗಲಿಲ್ಲ. ರಾತ್ರಿ ಮೂರು ಗಂಟೆಗೆ ರೂಂಮೇಟನ್ನು ಎಬ್ಬಿಸಿ ಹೃದಯದ ಕವಾಟಗಳ ಪಾಠ ಮಾಡುತ್ತಿದ್ದೆನಂತೆ. ಅಪ್ಪ ಬಂದು ಕರೆದುಕೊಂಡು ಹೋದರು. ಬೈಪೋಲಾರ್ ಎಂದರು, ಮನಸ್ಸು ಒಮ್ಮೆ ಅತಿಯಾಗಿ ಹುರುಪೇರಿ ಇನ್ನೊಮ್ಮೆ ತೀರಾ ಕುಗ್ಗುವ ಕಾಯಿಲೆ. ಅವತ್ತಿನಿಂದ ಅದನ್ನು ಹಿಡಿತದಲ್ಲಿಡಲು ಲಿಥಿಯಂ.

ಈಗ ಚೆನ್ನಾಗಿದ್ದೇನೆ. ರಾತ್ರಿ ಎಂಟಕ್ಕೆ ಮಾತ್ರೆ. ರಕ್ತ ಪರೀಕ್ಷೆ ಇದ್ದರೆ ಬೆಳಗಿನ ಬಸ್ಸಿಗೆ ಬೇಲೂರು ಮೇಲೆ ಹಾಸನಕ್ಕೆ ಹೋಗುತ್ತೇನೆ. ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ ರಕ್ತ ಕೊಡಬೇಕಲ್ವಾ. ಹೋದ ಸಲ ರಕ್ತದಲ್ಲಿ ಲಿಥಿಯಂ 0.7 ಬಂತು, ಸರಿಯಾದ ಮಟ್ಟವೇ.

ಭಯ ಇರುವುದು ನೈಟ್ ಡ್ಯೂಟಿಯದು, ನಿದ್ದೆಗೆಟ್ಟು ಮತ್ತೆ ಹಾಗೇ ಆದರೆ ಅಂತ. ಆಮೇಲೆ ಕೈಯದು. ಹೊಲಿಗೆ ಹಾಕುವಾಗ ನೀಡಲ್ ಹೋಲ್ಡರ್ ತುದಿ ಸಣ್ಣಗೆ ನಡುಗುತ್ತದೆ. ರೋಗಿಯ ಕಣ್ಣು ಅಲ್ಲೇ ಇರುತ್ತದೆ. ಚಿಕ್ಕಮ್ಮ "ಯಾರ ಹತ್ರಾನೂ ಬಾಯಿ ಬಿಡಬೇಡ, ಮದುವೆ ಆಗೋ ಹುಡುಗಿ" ಎನ್ನುತ್ತಾರೆ. ಮುಚ್ಚಿಟ್ಟುಕೊಂಡು ಡ್ಯೂಟಿ ಮಾಡಲು ನನಗೆ ಮನಸ್ಸಿಲ್ಲ. ಯಾರಿಗೆ, ಎಷ್ಟು ಹೇಳಬೇಕು?

ಹಳೇ ಹೌಸ್ ಸರ್ಜನ್:
ನನ್ನದು ಡಿಪ್ರೆಶನ್. ಎರಡು ವಿಭಾಗಗಳ ಪೋಸ್ಟಿಂಗ್ ಸುಮ್ನೆ ತಳ್ಳಿದೆ. ಮೂರನೆಯದರಲ್ಲಿ ಹತ್ತು ದಿನ ಎದ್ದು ಹಲ್ಲುಜ್ಜಲೂ ಆಗಲಿಲ್ಲ. ಆಮೇಲೆ ಯೂನಿಟ್ ಚೀಫ್ ಒಬ್ಬರಿಗೇ ಹೇಳಿದೆ. ನನ್ನ ಡಾಕ್ಟರ್ ಕೊಟ್ಟ ಪತ್ರದಲ್ಲಿ ರೋಗದ ಹೆಸರೇ ಇರಲಿಲ್ಲ. "ಸತತ ರಾತ್ರಿ ಪಾಳಿ ಬೇಡ" ಅಂತ ಮಾತ್ರ ಇತ್ತು. ಜೊತೆಯವನ ಭಾನುವಾರಗಳನ್ನು ನಾನು ಮಾಡಿದೆ, ನನ್ನ ಕೆಲವು ನೈಟ್ ಅವನು ಮಾಡಿದ. ವಿವರ ಗುಟ್ಟಾಗಿರಬೇಕು ಎನ್ನುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮಗೆ ಕೊಟ್ಟಿರುವ ಹಕ್ಕು. ಇಂಟರ್ನ್‌ಶಿಪ್‌ನಲ್ಲಿ ಕಮ್ಯುನಿಟಿ ಮೆಡಿಸಿನ್‌ನ (ಸಮುದಾಯ ಆರೋಗ್ಯ ವಿಭಾಗ) 12 ವಾರ ಮೊದಲೇ ಸಿಗುತ್ತಾ ಕೇಳಿ ನೋಡಿ. ಅಲ್ಲಿ ರಾತ್ರಿ ಕೆಲಸ ಕಡಿಮೆ.

ಸೈಕಿಯಾಟ್ರಿ ಪಿಜಿ:
ನಡುಕದ ವಿಷಯ ನಿಮ್ಮ ಡಾಕ್ಟರಿಗೆ ಹೇಳಿದ್ದೀರಾ? ಇದು ಲಿಥಿಯಂನಿಂದ ಬರುವಂಥದ್ದೇ. ಡೋಸ್ ಸ್ವಲ್ಪ ಇಳಿಸಬಹುದು, ನಡುಕ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆ ಕೊಡಬಹುದು. ನೀವೇ ಮಾತ್ರೆ ಬಿಡಬೇಡಿ. ಇನ್ನೊಂದು ಮಾತು, ನೀವು ಕಾಫಿ ಸೀಮೆಯವರು. ಕೆಫೀನ್ ಲಿಥಿಯಂ ಅನ್ನು ಮೂತ್ರದಲ್ಲಿ ಬೇಗ ಹೊರಗೆ ಕಳಿಸುತ್ತದೆ. ದಿನಾ ಜಾಸ್ತಿ ಕಾಫಿ ಕುಡಿಯುವವರು ದಿಢೀರಂತ ಬಿಟ್ಟರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ನೈಟ್ ಇದೆ ಅಂತ ದಿಢೀರಂತ ಜಾಸ್ತಿ ಮಾಡಿದರೆ ಇಳಿಯಬಹುದು. ತಲೆನೋವಿಗೆ ಐಬುಪ್ರೊಫೆನ್ ಬೇಡ, ಪ್ಯಾರಸಿಟಮಾಲ್ ಸಾಕು. ವಾಂತಿ ಭೇದಿ ಆದರೆ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ನಿದ್ದೆ ಕಡಿಮೆಯಾಗಿಯೂ ಹುರುಪು ಜಾಸ್ತಿಯಾದರೆ ಅದನ್ನು ಮೊದಲು ಗಮನಿಸುವುದು ರೂಂಮೇಟ್. ಅವಳಿಗೆ ಪೂರ್ತಿ ಹೇಳಿರಿ.

ಬೇಲೂರಿನ ಅಮ್ಮ:
ನನ್ನ ಮಗನಿಗೂ ಇದೇ ಕಾಯಿಲೆ. ಅಡ್ಮಿಟ್ ಆದ ರಾತ್ರಿ ಒಬ್ಬ ಹೌಸ್ ಸರ್ಜನ್ ಹುಡುಗಿ ಸ್ಟೂಲ್ ಎಳೆದುಕೊಂಡು ಕೂತು, ಅವನ ಮಾತು ಮುಗಿಯುವವರೆಗೂ ಕೇಳಿದಳು. ಇವತ್ತಿಗೂ ಅವನು ಅವಳ ವಿಷಯ ಹೇಳುತ್ತಾನೆ. ಓದು ಬಿಡಬೇಡಮ್ಮ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ.

ಮೂಡಿಗೆರೆ ಹುಡುಗಿ:
ಅಮ್ಮಾ, ನಿಮ್ಮ ಮಾತು ಓದಿ ಅತ್ತುಬಿಟ್ಟೆ. ಶುಕ್ರವಾರ ಹಾಸನಕ್ಕೆ ಹೋಗಿ ಪತ್ರ ಕೇಳುತ್ತೇನೆ. ನಡುಕದ ವಿಷಯ ಇಷ್ಟು ದಿನ ಡಾಕ್ಟರಿಗೆ ಹೇಳಿರಲೇ ಇಲ್ಲ, ಅದನ್ನೂ ಹೇಳುತ್ತೇನೆ. ಇವತ್ತು ಕಾಫಿ ಲೆಕ್ಕ ಇಟ್ಟೆ. ಸಂಜೆಯೊಳಗೆ ಐದು ಲೋಟ ಆಗಿತ್ತು.